ಬೂದಿ ಪುಕ್ಕಟೆ, ಕ್ಷಾರ ಪುಕ್ಕಟೆ ಅಲ್ಲ

ವಿಜಯಪುರದಲ್ಲಿ ಇಟ್ಟಂಗಿ ಮತ್ತು ಬ್ಲಾಕ್ ಮಾಡುವವರು, ಗೌಂಡಿಗಳು, ಸಣ್ಣ ಗುತ್ತಿಗೆದಾರರು, ಸಿವಿಲ್ ಓದುತ್ತಿರುವ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಾನು ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಮಾಡೋಣ.

ನಮ್ಮ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳಿವೆ. ಒಂದೇ ಘಟಕ ತಗೊಳ್ಳಿ. ಅದು ದಿನವಿಡೀ ಪೂರ್ತಿ ಓಡಿದರೆ 1 ಕೋಟಿ 92 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ. ಒಂದು ಯೂನಿಟ್‌ಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಅಂತ ಹಿಡಿಯಿರಿ. ಹನ್ನೆರಡೂವರೆ ಸಾವಿರ ಟನ್ ಆಯ್ತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಸಾಮಾನ್ಯವಾಗಿ ಶೇ 30ರಿಂದ 45. ಮೂರರಲ್ಲಿ ಒಂದು ಪಾಲು ಅಂದರೂ ನಾಲ್ಕು ಸಾವಿರ ಟನ್ ಬೂದಿ. ಒಂದು ಘಟಕದ್ದು, ಒಂದು ದಿನದ್ದು. 30 ಟನ್ ಹಿಡಿಯುವ ಬಲ್ಕರ್ ಲಾರಿಗಳನ್ನು ಸಾಲಾಗಿ ನಿಲ್ಲಿಸಿದರೆ 130ಕ್ಕೂ ಹೆಚ್ಚು ಬೇಕು. ಘಟಕಗಳು ಯಾವಾಗಲೂ ಪೂರ್ತಿ ಓಡುವುದಿಲ್ಲ, ನಿಜ. ಅರ್ಧ ಓಡಿದರೂ ಬೂದಿ ಸಣ್ಣ ರಾಶಿ ಏನಲ್ಲ.

ಇದರಲ್ಲಿ ಸುಮಾರು ಶೇ 80ರಷ್ಟು ಹಾರುಬೂದಿ. ಹೊಗೆಯ ಜೊತೆ ಮೇಲೆ ಹೋಗುವಾಗ ಅದನ್ನು ಹಿಡಿದು ಸೈಲೋಗಳಲ್ಲಿ ತುಂಬುತ್ತಾರೆ. ಉಳಿದದ್ದು ಬಾಯ್ಲರ್ ತಳದಲ್ಲಿ ಬೀಳುವ ದಪ್ಪ ಬೂದಿ. ಹಾರುಬೂದಿಯನ್ನು ನಾವು ಈಗಾಗಲೇ ಬಳಸುತ್ತಿದ್ದೇವೆ. ನೀವು ಅಂಗಡಿಯಿಂದ ತರುವ ಪಿಪಿಸಿ ಸಿಮೆಂಟ್ ಚೀಲದಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿಯೇ ಇರುತ್ತದೆ. ಬೂದಿ ಇಟ್ಟಂಗಿ ಮಾಡುವವರೂ ಇಲ್ಲಿದ್ದೀರಿ. ಆದರೆ ಆ ಇಟ್ಟಂಗಿಯಲ್ಲಿ ಹಿಡಿತ ಕೊಡುವುದು ಸಿಮೆಂಟ್, ಇಲ್ಲವೇ ಸುಣ್ಣ ಮತ್ತು ಜಿಪ್ಸಂ. ಬೂದಿ ಅಲ್ಲಿ ಅರ್ಧ ಕೆಲಸಗಾರ, ಅರ್ಧ ತುಂಬುವ ವಸ್ತು.

ನಾನು ಇವತ್ತು ಹೇಳುವುದು ಬೇರೆ ವಿಷಯ. ಸಿಮೆಂಟ್ ಒಂದು ಚಮಚವೂ ಇಲ್ಲದೆ, ಬೂದಿಯೇ ಸಿಮೆಂಟಿನ ಕೆಲಸ ಮಾಡುವ ದಾರಿ. ಬೂದಿಗೆ ಗಟ್ಟಿ ಕ್ಷಾರದ ದ್ರಾವಣ ಬೆರೆಸಿದರೆ ಅದು ಕರಗಿ, ಮತ್ತೆ ಕೂಡಿಕೊಂಡು, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಇದನ್ನು ಕ್ಷಾರ ಸಕ್ರಿಯ ವಸ್ತು ಅನ್ನುತ್ತಾರೆ. ಜಿಯೋಪಾಲಿಮರ್ ಅನ್ನುವ ಹೆಸರನ್ನೂ ನೀವು ಕೇಳಿರಬಹುದು. 1970ರ ದಶಕದಲ್ಲಿ ಫ್ರಾನ್ಸಿನ ಜೋಸೆಫ್ ಡೇವಿಡೋವಿಟ್ಸ್ ಕೊಟ್ಟ ಹೆಸರು ಅದು. ಕೆಲಸ ಅದಕ್ಕಿಂತ ಹಳೆಯದು. 1940ರಲ್ಲೇ ಬೆಲ್ಜಿಯಂನಲ್ಲಿ ಪರ್ಡನ್ ಅನ್ನುವವರು ಉಕ್ಕಿನ ಕುಲುಮೆಯ ಕಿಟ್ಟಕ್ಕೆ ಕ್ಷಾರ ಹಾಕಿ ಗಟ್ಟಿ ಮಾಡಿದ್ದನ್ನು ಬರೆದರು. 1950ರ ದಶಕದಲ್ಲಿ ಕೀವ್ ನಗರದಲ್ಲಿ ವಿಕ್ಟರ್ ಗ್ಲುಖೋವ್ಸ್ಕಿ ಇದನ್ನು ಮುಂದೆ ಬೆಳೆಸಿದರು. ರಷ್ಯಾದ ಲಿಪೆಟ್ಸ್ಕ್ ಊರಿನಲ್ಲಿ ಇಂಥ ಕಾಂಕ್ರೀಟಿನಿಂದ ಬಹುಮಹಡಿ ವಸತಿ ಕಟ್ಟಡಗಳೇ ಎದ್ದವು. ಆಸ್ಟ್ರೇಲಿಯಾದಲ್ಲಿ ಟೂವೂಂಬಾ ಹತ್ತಿರ 2014ರಲ್ಲಿ ಶುರುವಾದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ ವಿಮಾನ ಓಡಾಡುವ ನೆಲಕ್ಕೆ ಸಾವಿರಾರು ಘನ ಮೀಟರ್ ಇದನ್ನೇ ಹಾಕಿದ್ದಾರೆ. ಅಂದಮೇಲೆ ಇದು ಪ್ರಯೋಗಾಲಯದ ಆಟ ಅಲ್ಲ.

ಹಾಗಾದರೆ ಎಲ್ಲೆಡೆ ಯಾಕೆ ಇಲ್ಲ? ಬೂದಿ ಇಷ್ಟು ಬಿದ್ದಿದೆ, ಪುಕ್ಕಟೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಬೂದಿ ಪುಕ್ಕಟೆ ಇರಬಹುದು, ಕ್ಷಾರ ಪುಕ್ಕಟೆ ಅಲ್ಲ. ಈ ಕೆಲಸದ ಖರ್ಚು ಕ್ಷಾರದಲ್ಲಿದೆ. ಅಪಾಯವೂ ಕ್ಷಾರದಲ್ಲಿದೆ. ಪರಿಸರಕ್ಕೆ ಬೀಳುವ ಹೊರೆಯ ದೊಡ್ಡ ಪಾಲೂ ಅಲ್ಲೇ ಇದೆ. ಬೂದಿ ನೋಡಿ ಖುಷಿಪಟ್ಟು ಯಂತ್ರ ತಂದು ಕೂತವನು ಕ್ಷಾರದ ಬಿಲ್ ನೋಡಿ ಎದ್ದು ಹೋಗುತ್ತಾನೆ. ಹಾಗಾಗಬಾರದು ಅನ್ನುವುದಕ್ಕೇ ಈ ಮಾತು.

ಮೊದಲು ಬೂದಿಯ ಒಳಗೆ ಏನಿದೆ ನೋಡೋಣ. ಮೇಜಿನ ಮೇಲೆ ಎರಡು ಡಬ್ಬಿ ಇಟ್ಟಿದ್ದೇನೆ. ಬನ್ನಿ, ಮುಟ್ಟಿ ನೋಡಿ. ಒಂದರಲ್ಲಿ ಕಲ್ಲಿದ್ದಲಿನ ಹಾರುಬೂದಿ. ತಿಳಿ ಬೂದು ಬಣ್ಣ. ಎರಡು ಬೆರಳ ನಡುವೆ ತಿಕ್ಕಿದರೆ ಜಾರುತ್ತದೆ, ಪೌಡರ್‌ಗಿಂತ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕಣವೂ ಗುಂಡು. ಬಹಳಷ್ಟು ಕಣಗಳು ಒಂದರಿಂದ ನೂರು ಮೈಕ್ರಾನ್ ಒಳಗೇ ಇರುತ್ತವೆ. ಉರಿಯ ಒಳಗೆ ಕಲ್ಲಿದ್ದಲಿನಲ್ಲಿದ್ದ ಮಣ್ಣು ಕರಗಿ ಹನಿಯಾಗಿ, ಹೊಗೆಯಲ್ಲಿ ತೇಲುತ್ತಲೇ ಥಟ್ಟನೆ ತಣ್ಣಗಾಗುತ್ತದೆ. ಅದಕ್ಕೇ ಗುಂಡು. ಅದಕ್ಕೇ ಅದು ಗಾಜು ಕೂಡ.

ಗಾಜು ಅನ್ನುವುದು ಇಲ್ಲಿ ಬಹಳ ಮುಖ್ಯ. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಕಡೆಯವರಿಗೆ ಪಾಕದ ಲಕ್ಷಣ ಹೇಳಿಕೊಡಬೇಕಿಲ್ಲ. ಪಾಕ ನಿಧಾನವಾಗಿ ಆರಿದರೆ ಹರಳುಗಟ್ಟುತ್ತದೆ. ತಣ್ಣೀರಿಗೆ ಬಿದ್ದ ಹನಿ ಹರಳಾಗಲು ಸಮಯ ಸಿಗದೆ ಹಾಗೇ ಗಟ್ಟಿಯಾಗುತ್ತದೆ. ಬೂದಿಯೂ ಹಾಗೆ. ಥಟ್ಟನೆ ಆರಿದ ಸಿಲಿಕಾ ಮತ್ತು ಅಲ್ಯೂಮಿನಾ ಹರಳಾಗದೆ ಗಾಜಾಗಿ ಉಳಿದಿರುತ್ತವೆ. ಆ ಗಾಜನ್ನು ಕ್ಷಾರ ಕರಗಿಸಬಲ್ಲದು. ಹರಳುಗಟ್ಟಿದ ಸಿಲಿಕಾ, ಅಂದರೆ ನಮ್ಮ ಹೊಳೆಯ ಉಸುಕು, ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಎರಡೂ ಸಿಲಿಕಾನೇ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಸುಮ್ನೆ ಕೂರುತ್ತದೆ.

ಕ್ಷಾರ ಹಾಕಿದಾಗ ಆಗುವುದು ಇಷ್ಟು. ಗಾಜಿನ ಸಿಲಿಕಾ, ಅಲ್ಯೂಮಿನಾಗಳ ಬಂಧ ಬಿಚ್ಚಿಕೊಳ್ಳುತ್ತದೆ. ಬಿಡಿಯಾದ ತುಣುಕುಗಳು ದ್ರಾವಣದಲ್ಲಿ ಓಡಾಡಿ ಮತ್ತೆ ಒಂದಕ್ಕೊಂದು ಕೈ ಹಿಡಿದು ಮೂರು ದಿಕ್ಕಿಗೂ ಜಾಲ ಹೆಣೆಯುತ್ತವೆ. ಅಲ್ಯೂಮಿನಿಯಂ ಕೂತ ಜಾಗದಲ್ಲಿ ಒಂದು ಋಣ ಚಾರ್ಜ್ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ ಅಲ್ಲೇ ಕೂರುತ್ತದೆ. ಈ ಜಾಲ ಮೊದಲು ಅಂಟಂಟಾಗಿ, ಆಮೇಲೆ ಗಟ್ಟಿಯಾಗಿ, ಉಸುಕು ಖಡಿಗಳನ್ನು ಹಿಡಿದಿಡುತ್ತದೆ.

ಸಿಮೆಂಟ್ ಹೀಗಲ್ಲ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುತ್ತದೆ. ನೀರು ಅದರ ಮೈಯಲ್ಲೇ ಸೇರಿಕೊಳ್ಳುತ್ತದೆ. ಅದಕ್ಕೇ ನಾವು ವಾರಗಟ್ಟಲೆ ನೀರು ಹೊಡೆಯುತ್ತೇವೆ. ಬೂದಿ-ಕ್ಷಾರದ ಜಾಲಕ್ಕೆ ನೀರು ಕರಗಿಸಲು, ಕಲಸಲು ಮಾತ್ರ ಬೇಕು. ಕೆಲಸ ಮುಗಿದ ಮೇಲೆ ನೀರು ಹೊರಗೆ ಬರುತ್ತದೆ. ಆಮೇಲೆ ನೀರು ಹೊಡೆಯುವ ಗೋಜೇ ಇಲ್ಲ. ಮೊದಲ ದಿನಗಳಲ್ಲಿ ನೀರು ಹೊಡೆದರೆ ಉಲ್ಟಾ ಕ್ಷಾರ ತೊಳೆದುಹೋಗಿ ಬ್ಲಾಕ್ ಕೆಡುತ್ತದೆ.

ನಮ್ಮ ಜಿಲ್ಲೆಗೆ ಇದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬೋರು ನಿಂತುಹೋದಾಗ ಕ್ಯೂರಿಂಗ್‌ಗೆ ಟ್ಯಾಂಕರ್ ತರಿಸಿದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂದರೆ ಅರ್ಧ ಸಭೆ ಎತ್ತುತ್ತದೆ. ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಿನಲ್ಲಿ ಗೋಡೆಗೆ ನೀರು ಹೊಡೆಯುವಾಗ ಮನಸ್ಸಿಗೆ ಕಷ್ಟ ಆಗುತ್ತದೆ. ಕಾರ್ಬನ್ ಉಳಿತಾಯದ ಮಾತು ಎಲ್ಲ ಸಮ್ಮೇಳನದಲ್ಲೂ ಕೇಳುತ್ತೇವೆ. ವಿಜಯಪುರಕ್ಕೆ ಮೊದಲ ಲಾಭ ನೀರು ಅಂತ ನಾನು ನಂಬಿದ್ದೇನೆ.

ಇನ್ನು ಕ್ಷಾರಕ್ಕೆ ಬರೋಣ. ಸಾಮಾನ್ಯವಾಗಿ ಎರಡು ದ್ರಾವಣ ಬೇಕು. ಒಂದು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಇನ್ನೊಂದು ಸೋಡಿಯಂ ಸಿಲಿಕೇಟ್. ಬಟ್ಟೆ ಸೋಪು ಮಾಡುವವರಿಗೆ ಇದರ ಪರಿಚಯ ಇದೆ, ಜೇನಿನಷ್ಟು ಮಂದ ಇರುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 400 ಕಿಲೋ ಹಾರುಬೂದಿ ಹಿಡಿದರೆ, 100 ಕಿಲೋದಷ್ಟು ಸಿಲಿಕೇಟ್ ದ್ರಾವಣ, 40 ಕಿಲೋದಷ್ಟು ಕಾಸ್ಟಿಕ್ ದ್ರಾವಣ ಬೇಕಾಗುತ್ತದೆ. ಬಿಲ್ ಎಲ್ಲಿ ಏರುತ್ತದೆ ಅಂತ ಈಗ ಕಾಣುತ್ತದಲ್ವಾ?

ಕಾಸ್ಟಿಕ್ ಸೋಡಾ ಮಾಡುವುದು ಉಪ್ಪು ನೀರಿಗೆ ವಿದ್ಯುತ್ ಹರಿಸಿ. ಕಾರವಾರದ ಹತ್ತಿರ ಬಿಣಗಾದಲ್ಲಿ ಅಂಥ ಕಾರ್ಖಾನೆ ಇದೆ. ಸೋಡಿಯಂ ಸಿಲಿಕೇಟ್ ಮಾಡುವುದು ಉಸುಕು ಮತ್ತು ಸೋಡಾ ಬೂದಿಯನ್ನು ಸಾವಿರ ಡಿಗ್ರಿಗೂ ಮೇಲೆ ಕರಗಿಸಿ. ಎರಡಕ್ಕೂ ಇಂಧನ ಬೇಕು. ಹಾಗಾಗಿ ಇದು ಕಾರ್ಬನ್ ಇಲ್ಲದ ಕಾಂಕ್ರೀಟ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಮೆಂಟಿಗೆ ಸುಣ್ಣದ ಕಲ್ಲನ್ನು 1,450 ಡಿಗ್ರಿವರೆಗೆ ಕಾಯಿಸುತ್ತಾರೆ. ಉರುವಲಿನ ಹೊಗೆ ಒಂದು ಕಡೆ, ಕಲ್ಲಿನಿಂದಲೇ ಹೊರಬರುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7-8ರಷ್ಟು ಸಿಮೆಂಟಿನದ್ದು. ಬಾಗಲಕೋಟೆ, ಮುಧೋಳದ ಕಡೆ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ನೋಡಿದವರಿಗೆ ಆ ಕೆಲಸದ ಗಾತ್ರ ಗೊತ್ತು. ಅದಕ್ಕೆ ಹೋಲಿಸಿದರೆ ಕ್ಷಾರ ಸಕ್ರಿಯ ಕಾಂಕ್ರೀಟ್ ಎಷ್ಟು ಉಳಿಸುತ್ತದೆ? ಕೆಲವರ ಲೆಕ್ಕದಲ್ಲಿ ಶೇ 80. ಇನ್ನು ಕೆಲವರ ಲೆಕ್ಕದಲ್ಲಿ ಶೇ 10 ಕೂಡ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಷ್ಟು ಕ್ಷಾರ ಹಾಕಿದಿರಿ, ಅದನ್ನು ಹೇಗೆ ಮಾಡಿದರು, ಎಷ್ಟು ದೂರದಿಂದ ತಂದಿರಿ, ಕಾಯಿಸಲು ಏನು ಉರಿಸಿದಿರಿ ಅನ್ನುವುದರ ಮೇಲೆ ಲೆಕ್ಕ ಅಷ್ಟು ಬದಲಾಗುತ್ತದೆ.

ಅದಕ್ಕೇ ಕ್ಷಾರವನ್ನು ಕಡಿಮೆ ಮಾಡುವ ದಾರಿ ಹುಡುಕಬೇಕು. ನನಗೆ ಎರಡು ದಾರಿ ಕಾಣುತ್ತವೆ.

ಒಂದು, ಕಿಟ್ಟ ಬೆರೆಸುವುದು. ತೋರಣಗಲ್ಲಿನ ಉಕ್ಕಿನ ಕುಲುಮೆಯಿಂದ ಬರುವ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ಆರಿಸಿ, ನುಣ್ಣಗೆ ಬೀಸಿ ಮಾರುತ್ತಾರೆ. ಜಿಜಿಬಿಎಸ್ ಅಂತ ನೀವು ಕರೆಯುವುದು ಇದನ್ನೇ. ಇದರಲ್ಲಿ ಸುಣ್ಣದ ಅಂಶ ಶೇ 30ಕ್ಕೂ ಮೇಲೆ. ಬರೀ ಹಾರುಬೂದಿ ಆದರೆ 60ರಿಂದ 80 ಡಿಗ್ರಿ ಶಾಖದಲ್ಲಿ ಒಂದು ದಿನ ಇಡಬೇಕು, ಇಲ್ಲದಿದ್ದರೆ ಬಲ ಬರಲು ಬಹಳ ತಡ. ನಮ್ಮ ಊರಿನ 42 ಡಿಗ್ರಿ ಬಿಸಿಲು ಸಹಾಯ ಮಾಡುತ್ತದೆ, ಆದರೆ ಅದೊಂದೇ ಸಾಲದು. ಬೂದಿಯ ಜೊತೆ ಒಂದಿಷ್ಟು ಕಿಟ್ಟ ಸೇರಿಸಿದರೆ ಸಾಮಾನ್ಯ ಹವೆಯಲ್ಲೇ ಗಟ್ಟಿಯಾಗುತ್ತದೆ. ಒಲೆ ಬೇಡ. ಕ್ಷಾರವನ್ನೂ ಸ್ವಲ್ಪ ತೆಳು ಮಾಡಬಹುದು. ಆದರೆ ಕಿಟ್ಟ ಈಗ ಕಸ ಅಲ್ಲ. ಸಿಮೆಂಟಿನವರೇ ಅದನ್ನು ಕೊಳ್ಳುತ್ತಾರೆ. ಬೆಲೆ ಇದೆ, ಲಾರಿ ಬಾಡಿಗೆ ಇದೆ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಸಿಲಿಕೇಟನ್ನೇ ನಮ್ಮ ಸುತ್ತಲಿನ ಬೂದಿಯಿಂದ ಮಾಡುವುದು. ಭತ್ತದ ಹೊಟ್ಟು ಸುಟ್ಟರೆ ಐದರಲ್ಲಿ ಒಂದು ಪಾಲು ಬೂದಿ ಉಳಿಯುತ್ತದೆ. ಚೆನ್ನಾಗಿ ಉರಿದ ಬೂದಿಯಲ್ಲಿ ಶೇ 85ರಿಂದ 95 ಸಿಲಿಕಾ. ಹದವಾದ ಉರಿಯಲ್ಲಿ ಸುಟ್ಟಿದ್ದರೆ ಹರಳುಗಟ್ಟಿರುವುದಿಲ್ಲ. ಅದನ್ನು ಕಾಸ್ಟಿಕ್ ದ್ರಾವಣದಲ್ಲಿ ನೀರು ಕುದಿಯುವ ಶಾಖದ ಆಸುಪಾಸಿನಲ್ಲಿ ಬೇಯಿಸಿ ಸೋಸಿದರೆ ಸೋಡಿಯಂ ಸಿಲಿಕೇಟ್ ಸಿಗುತ್ತದೆ. ಸಾವಿರ ಡಿಗ್ರಿಯ ಕುಲುಮೆ ಬೇಕಿಲ್ಲ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳು ನಮಗೆ ದೂರದವೇನಲ್ಲ. ಸಿವಿಲ್ ಓದುವವರು ಕೆಮಿಸ್ಟ್ರಿ ಓದುವ ಗೆಳೆಯರನ್ನು ಕರೆದುಕೊಂಡು ಈ ಕೆಲಸಕ್ಕೆ ಕೂರಬೇಕು. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಬಲ ನೋಡಲು ಕ್ಯೂಬ್ ಒಡೆದ ಅಂಕಿ ಹೇಗೂ ಇರುತ್ತದೆ. ಒಂದು ಬ್ಲಾಕಿಗೆ ಕ್ಷಾರದ ಖರ್ಚು ಎಷ್ಟು ಬಿತ್ತು ಅನ್ನುವ ಅಂಕಿಯನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ಈಗ ಎರಡನೇ ಡಬ್ಬಿ. ಇದು ಸಕ್ಕರೆ ಕಾರ್ಖಾನೆಯ ಬೂದಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಕಬ್ಬಿನ ಸಿಪ್ಪೆ ಉರಿಸದ ಕಾರ್ಖಾನೆ ಇಲ್ಲ. ದಿನಕ್ಕೆ 10,000 ಟನ್ ಕಬ್ಬು ಅರೆದರೆ ಸುಮಾರು 3,000 ಟನ್ ಸಿಪ್ಪೆ. ಅದನ್ನು ಸುಟ್ಟರೆ ಅರವತ್ತು, ಎಪ್ಪತ್ತು ಟನ್ ಬೂದಿ. ಹಂಗಾಮು ಮುಗಿಯುವವರೆಗೆ ದಿನಾಲೂ. ಮುಟ್ಟಿ ನೋಡಿ. ಕಪ್ಪು, ಒರಟು, ನಡುವೆ ಅರೆಬೆಂದ ನಾರು. ಆ ಕಪ್ಪು ಬೇಯದೆ ಉಳಿದ ಇಂಗಾಲ. ಹಲ್ಲಿಗೆ ಸಿಗುವ ಹಾಗಿರುವುದು ಹೊಲದಿಂದ ಕಬ್ಬಿನ ಜೊತೆ ಬಂದ ಮಣ್ಣು ಮತ್ತು ಉಸುಕು. ಇದರಲ್ಲಿ ಸಿಲಿಕಾ ಬಹಳ, ಅಲ್ಯೂಮಿನಾ ಕಡಿಮೆ. ಜಾಲ ಹೆಣೆಯಲು ಎರಡೂ ಬೇಕು. ಹಾಗಾಗಿ ಬರೀ ಕಬ್ಬಿನ ಬೂದಿಯಿಂದ ಒಳ್ಳೆಯ ಬ್ಲಾಕ್ ಬರುವುದಿಲ್ಲ. ಜರಡಿ ಹಿಡಿದು, ಮತ್ತೊಮ್ಮೆ ಸುಟ್ಟು, ಬೀಸಿ, ಹಾರುಬೂದಿ ಅಥವಾ ಕಿಟ್ಟದ ಜೊತೆ ಸ್ವಲ್ಪ ಪಾಲು ಸೇರಿಸಬಹುದು. ಹಾಗೇ ರಾಶಿಯಿಂದ ಎತ್ತಿ ಸುರಿದರೆ ಇಂಗಾಲ ದ್ರಾವಣವನ್ನು ಕುಡಿದುಬಿಡುತ್ತದೆ, ಮಿಶ್ರಣ ಒಣಗಿ ನಿಲ್ಲುತ್ತದೆ. ಸಕ್ಕರೆ ಕಾರ್ಖಾನೆಯ ಬೂದಿ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿ ಉಳಿದ ಮಡ್ಡಿಯ ಜೊತೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದರೆ ಅದನ್ನು ಅಲ್ಲೇ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎಲ್ಲ ಬೂದಿಯನ್ನೂ ಗೋಡೆಗೆ ತುಂಬಬೇಕಿಲ್ಲ.

ಅಪಾಯದ ಮಾತು ಹೇಳದೆ ಮುಂದೆ ಹೋಗುವುದಿಲ್ಲ. ದಯವಿಟ್ಟು ಗಮನ ಕೊಟ್ಟು ಕೇಳಿ.

ಕಾಸ್ಟಿಕ್ ಸೋಡಾ ಬಿಳಿ ಬಿಲ್ಲೆಯಂತೆ, ಚೂರು ಚೂರಾಗಿ ಚೀಲದಲ್ಲಿ ಬರುತ್ತದೆ. 8 ಮೋಲಾರ್ ದ್ರಾವಣ ಅಂದರೆ ಒಂದು ಲೀಟರ್ ದ್ರಾವಣದಲ್ಲಿ 320 ಗ್ರಾಂ. ದಪ್ಪ ಪ್ಲಾಸ್ಟಿಕ್ ಡ್ರಮ್ಮಿಗೆ ಮೊದಲು ನೀರು. ಆಮೇಲೆ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಉದ್ದ ಕೋಲಿನಿಂದ ತಿರುಗಿಸಬೇಕು. ಉರಿ ಇಲ್ಲದೆಯೇ ಡ್ರಮ್ಮು ಬಿಸಿಯಾಗುತ್ತದೆ, ಕೈ ಇಡಲಾಗದಷ್ಟು. ಉಸಿರು ಕಟ್ಟುವ ಆವಿ ಏಳುತ್ತದೆ. ಚೂರಿನ ಮೇಲೆ ನೀರು ಸುರಿದಿರೋ, ಸಿಡಿದು ಮುಖಕ್ಕೆ ಬರುತ್ತದೆ. ಯಾವತ್ತೂ ಹಾಗೆ ಮಾಡಬೇಡಿ. ಅಲ್ಯೂಮಿನಿಯಂ ಪಾತ್ರೆ, ಬುಟ್ಟಿ, ಬಕೆಟ್ ಹತ್ತಿರಕ್ಕೂ ತರಬೇಡಿ. ಕ್ಷಾರ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಹಿಂದಿನ ದಿನವೇ ದ್ರಾವಣ ಮಾಡಿಟ್ಟು, ಮುಚ್ಚಿ, ಆರಿದ ಮೇಲೆ ಬಳಸುವುದು ವಾಡಿಕೆ.

ನಮ್ಮ ಕಡೆ ಬರಿಗಾಲಲ್ಲಿ ಕಾಂಕ್ರೀಟ್ ತುಳಿಯುವುದು, ಬರಿಗೈಯಲ್ಲಿ ಮಾಲು ಎತ್ತುವುದು ಸಾಮಾನ್ಯ. ಬುಟ್ಟಿ ಹೊರುವ ತಾಯಂದಿರ ಸೆರಗಿನ ಮೇಲೆ ಹನಿ ಬೀಳುವುದೂ ಸಾಮಾನ್ಯ. ಇಲ್ಲಿ ಅದು ನಡೆಯುವುದಿಲ್ಲ. ರಬ್ಬರ್ ಕೈಗವಸು, ಗಂಬೂಟು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಒಬ್ಬರನ್ನೂ ಕೆಲಸಕ್ಕೆ ಇಳಿಸಬಾರದು. ಕಣ್ಣಿಗೆ ಹನಿ ಬಿದ್ದರೆ ತಕ್ಷಣ ಹರಿಯುವ ಶುದ್ಧ ನೀರಿನಿಂದ ಹದಿನೈದು, ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ನಿಂಬೆರಸ, ವಿನೆಗರ್ ಏನೂ ಹಾಕಬಾರದು. ಈ ಖರ್ಚನ್ನು ಬ್ಲಾಕಿನ ಬೆಲೆಯಲ್ಲಿ ಸೇರಿಸಲು ಆಗದಿದ್ದರೆ ಈ ಧಂದೆ ಬೇಡ. ಕೂಲಿಯವರ ಕಣ್ಣಿನ ಮೇಲೆ ನಿಂತ ಹಸಿರು ಕಟ್ಟಡ ನನಗಂತೂ ಬೇಡ.

ಮಿಕ್ಸರ್ ತೊಳೆದ ನೀರಿನ ಬಗ್ಗೆಯೂ ಹೇಳಬೇಕು. ಘಟಪ್ರಭಾ, ಮಲಪ್ರಭಾ, ಕೃಷ್ಣೆಯ ನೀರಾವರಿ ಹೊಲಗಳಲ್ಲಿ ಸವಳು-ಜವಳು ಅಂದರೆ ಏನು ಅಂತ ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಸೋಡಿಯಂ ಸೇರಿದ ಎರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ, ಬೇರು ಉಸಿರಾಡುವುದಿಲ್ಲ. ಈ ಗುಣವನ್ನೇ ನಮ್ಮ ಹಿರಿಯರು ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಗೆ ಬಳಸಿದರು. ಸವಳು ಮಣ್ಣು ಹರವಿದರೆ ಮಾಳಿಗೆ ಸೋರುವುದಿಲ್ಲ. ಮಾಳಿಗೆಗೆ ಒಳ್ಳೆಯದಾದದ್ದು ಹೊಲಕ್ಕೆ ಕೆಟ್ಟದ್ದು. ನಿಮ್ಮ ಬ್ಲಾಕ್ ಯಾರ್ಡಿನ ಸೋಡಿಯಂ ನೀರು ಪಕ್ಕದವರ ಹೊಲಕ್ಕೆ ಹರಿದರೆ ಅದೇ ಸವಳು. ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ, ತೊಳೆದ ನೀರನ್ನು ಅದರಲ್ಲಿ ಹಿಡಿದು, ಮುಂದಿನ ಮಿಶ್ರಣಕ್ಕೇ ಬಳಸಿ.

ಇಲ್ಲಿಂದ ಮುಂದೆ ಪ್ರಶ್ನೆಗಳು.

ಹಿರಿಯ ಗೌಂಡಿಯೊಬ್ಬರು ಮೊದಲು ಎದ್ದರು. "ಸರ್, ಇದರಾಗ ಮನಿ ಸ್ಲ್ಯಾಬ್ ಹಾಕಬಹುದೇನ್ರಿ?"

ಈಗಲೇ ಬೇಡ, ಯಜಮಾನ್ರೇ. ಬಲ ಬರುವುದಿಲ್ಲ ಅಂತ ಅಲ್ಲ. ಒಳ್ಳೆಯ ಮಿಶ್ರಣದಲ್ಲಿ ಸಿಮೆಂಟ್ ಕಾಂಕ್ರೀಟಿನಷ್ಟೇ ಬಲ ಬರುತ್ತದೆ. ಆದರೆ ಸೈಟಿನಲ್ಲಿ ಅದು ನಿಮ್ಮ ಕೈಗೆ ಬೇರೆಯೇ ತರಹ ಸಿಗುತ್ತದೆ. ಸಲಿಕೆಗೆ ಅಂಟುತ್ತದೆ. ಕಿಟ್ಟ ಜಾಸ್ತಿ ಇದ್ದರೆ ಒಂದು ಗಂಟೆಯೊಳಗೇ ಬಿಗಿಯುತ್ತದೆ. ಬಿಗಿ ಆಯ್ತು ಅಂತ ಒಂದು ಬಕೆಟ್ ನೀರು ಸುರಿಯುವ ರೂಢಿ ನಮ್ಮಲ್ಲಿದೆ. ಇಲ್ಲಿ ಹಾಗೆ ಮಾಡಿದರೆ ಕ್ಷಾರ ತೆಳುವಾಗಿ ಬಲ ಕುಸಿಯುತ್ತದೆ. ಒಳಗಿನ ಕಬ್ಬಿಣ ದಶಕಗಟ್ಟಲೆ ತುಕ್ಕು ಹಿಡಿಯದೆ ಉಳಿಯುತ್ತದಾ ಅನ್ನುವುದಕ್ಕೂ ಸಿಮೆಂಟಿಗೆ ಇರುವಷ್ಟು ಅನುಭವ ಇದಕ್ಕೆ ಇಲ್ಲ. ಭಾರತೀಯ ಮಾನಕ ಸಂಸ್ಥೆ 2020ರಲ್ಲಿ ಐಎಸ್ 17452 ಅನ್ನುವ ಮಾರ್ಗಸೂಚಿ ತಂದಿದೆ. ಅದೂ ಪ್ರೀಕಾಸ್ಟ್ ಉತ್ಪನ್ನಗಳಿಗೆ. ಅಂದರೆ ಯಾರ್ಡಿನಲ್ಲಿ ಅಚ್ಚು ಹಾಕಿ ಮಾಡುವ ವಸ್ತುಗಳಿಗೆ. ನೆಲಕ್ಕೆ ಹಾಸುವ ಪೇವರ್, ರಸ್ತೆ ಅಂಚಿನ ಕಲ್ಲು, ಗೋಡೆಯ ಬ್ಲಾಕ್, ಇಂಥದ್ದರಿಂದ ಶುರು ಮಾಡೋಣ. ನನಗೆ ಇನ್ನೊಂದು ಆಸೆ ಇದೆ. ಈ ವಸ್ತು ಆಮ್ಲಕ್ಕೆ ಸಿಮೆಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳ ನೆಲ ಹುಳಿ ಬಿದ್ದು ಬಿದ್ದು ಹೇಗೆ ಸವೆಯುತ್ತದೆ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಅಲ್ಲಿಗೆ ಟೈಲ್ಸ್ ಮಾಡಿ ಕೊಟ್ಟರೆ ಬೆಲೆಯೂ ಸಿಗುತ್ತದೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು, ಗೋಲಗುಮ್ಮಟದ ಗಾರೆಯೂ ಇದೇ ತರಹದ ವಿದ್ಯೆಯಾ ಸರ್ ಅಂತ.

ಅಲ್ಲಮ್ಮ. 1656ರ ಹೊತ್ತಿಗೆ ಮುಗಿದ ಆ ಗುಮ್ಮಟ ಸುಣ್ಣದ ಗಾರೆಯ ವಿದ್ಯೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. 38 ಮೀಟರ್ ಹತ್ತಿರದ ವ್ಯಾಸ, ನಡುವೆ ಒಂದು ಕಂಬವೂ ಇಲ್ಲ. ಆ ಗೌಂಡಿಗಳಿಗೆ ನಾವು ಕೈ ಮುಗಿಯಬೇಕು. ಆದರೆ ಅವರಿಗೆ ಗೊತ್ತಿಲ್ಲದ ವಿದ್ಯೆಯನ್ನು ಅವರ ಹೆಸರಿಗೆ ಕಟ್ಟುವುದು ಬೇಡ. ಅವರ ಸುಣ್ಣದ ಕೆಲಸವೇ ಓದುವುದಕ್ಕೆ ಸಾಕಷ್ಟಿದೆ.

ಕೂಡಗಿ ಕಡೆಯ ರೈತರೊಬ್ಬರ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾಗಿತ್ತು. "ಬೂದಿ ಹೊಲದ ಮ್ಯಾಲ ಬಿದ್ದರ ಬೆಳಿ ಹಾಳು ಅಂತೀವಿ. ಅದನ್ನ ಗ್ವಾಡಿಗೆ ತುಂಬಿದರ ಮನ್ಯಾಗ ಮಕ್ಕಳಿಗೆ ಏನೂ ಆಗೂದಿಲ್ಲೇನ್ರಿ?"

ಕೇಳಬೇಕಾದ ಪ್ರಶ್ನೆ. ಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೀಸದಂಥ ಲೋಹಗಳು ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಸಡಿಲ ಬೂದಿ ಗಾಳಿಗೆ ಹಾರಿ ಎದೆಗೆ ಹೋಗುವುದು, ಸ್ಥಾವರದವರು ಒದ್ದೆ ಬೂದಿ ತುಂಬಿಡುವ ಬೂದಿ ಕೆರೆಯಿಂದ ನೀರಿಗೆ ಇಳಿಯುವುದು ನಿಜವಾದ ತೊಂದರೆ. ಗಟ್ಟಿಯಾದ ಬ್ಲಾಕಿನಲ್ಲಿ ಸೀಸದಂಥ ಲೋಹಗಳು ಜಾಲದೊಳಗೆ ಚೆನ್ನಾಗಿ ಸಿಕ್ಕಿಬೀಳುತ್ತವೆ. ಆದರೆ ಆರ್ಸೆನಿಕ್ ಮತ್ತು ಒಂದು ಬಗೆಯ ಕ್ರೋಮಿಯಂ ಕ್ಷಾರದಲ್ಲಿ ಇನ್ನಷ್ಟು ಸುಲಭವಾಗಿ ಕರಗಬಹುದು. ಹಾಗಾಗಿ ಎಲ್ಲ ವಿಷವೂ ಬಂಧಿ ಅಂತ ಒಂದೇ ಮಾತಿನಲ್ಲಿ ಹೇಳಿದರೆ ತಪ್ಪಾಗುತ್ತದೆ. ಬ್ಲಾಕನ್ನು ಪುಡಿ ಮಾಡಿ ನೀರಿನಲ್ಲಿ ಏನು ಬಿಡುತ್ತದೆ ಅಂತ ಪರೀಕ್ಷೆ ಮಾಡಿಸಬೇಕು. ಆ ವರದಿಯನ್ನು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಕೇಳಿ, ತಪ್ಪದೆ ಕೇಳಿ.

ಕೊನೆಗೆ ಬ್ಲಾಕ್ ಮಾಡುವ ಯುವಕರೊಬ್ಬರು. "ಸರ್, ನಾಳೆಯಿಂದ ನಾ ಏನು ಮಾಡಲಿ ಹೇಳ್ರಿ."

ಕೇಂದ್ರ ಪರಿಸರ ಸಚಿವಾಲಯದ 31 ಡಿಸೆಂಬರ್ 2021ರ ಅಧಿಸೂಚನೆ ಓದಿ. ಸ್ಥಾವರದವರು ಬೂದಿಯನ್ನು ಪೂರ್ತಿ ಬಳಕೆಗೆ ಕೊಡಬೇಕು, 300 ಕಿಲೋಮೀಟರ್ ಒಳಗಿನ ಕಟ್ಟಡದವರು ಬೂದಿಯ ಉತ್ಪನ್ನ ಬಳಸಬೇಕು ಅಂತ ಅದರಲ್ಲಿದೆ. ಕೂಡಗಿಯಿಂದ ನಮ್ಮ ಮೂರೂ ಜಿಲ್ಲೆ ಆ ದೂರದ ಒಳಗೇ ಇವೆ. ಬೂದಿ ತರುವಾಗ ಕೆರೆಯ ಒದ್ದೆ ಬೂದಿ ಬೇಡ, ಸೈಲೋದ ಒಣ ಹಾರುಬೂದಿ ಕೇಳಿ. ಹಾರುಬೂದಿಯ ಮಾನಕವಾದ ಐಎಸ್ 3812 ಪ್ರಕಾರದ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಎರಡು ಅಂಕಿ ನೋಡಿ. ಸುಟ್ಟಾಗ ಕಳೆದುಹೋಗುವ ತೂಕ ಶೇ 5ಕ್ಕಿಂತ ಜಾಸ್ತಿ ಇರಬಾರದು, ಅದು ಉಳಿದ ಇಂಗಾಲದ ಗುರುತು. 45 ಮೈಕ್ರಾನ್ ಜರಡಿಯ ಮೇಲೆ ಉಳಿಯುವುದು ಶೇ 34ಕ್ಕಿಂತ ಜಾಸ್ತಿ ಇರಬಾರದು. ಕಲ್ಲಿದ್ದಲು ಬದಲಾದರೆ ಬೂದಿಯೂ ಬದಲಾಗುತ್ತದೆ. ಹಾಗಾಗಿ ಪ್ರತಿ ಲೋಡಿಗೂ ವರದಿ ಬೇಕು, ಒಂದು ಸಲ ನೋಡಿ ಬಿಡುವುದಲ್ಲ.

ಆಮೇಲೆ ಸಣ್ಣ ಮಿಶ್ರಣ ಮಾಡಿ. ಅಚ್ಚು ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿನಲ್ಲಿಡಿ. ತೆರೆದಿಟ್ಟರೆ ಬೇಗ ಒಣಗಿ ಬಿರುಕು ಬಿಡುತ್ತದೆ. 7 ದಿನಕ್ಕೆ, 28 ದಿನಕ್ಕೆ ಕೆಲವನ್ನು ಒಡೆಸಿ ನೋಡಿ. ಇನ್ನು ಕೆಲವನ್ನು ಯಾರ್ಡಿನ ಮೂಲೆಯಲ್ಲಿ ಅರ್ಧ ಮಣ್ಣಿನಲ್ಲಿ ಹೂತು ಬಿಡಿ. ಮೈಮೇಲೆ ಬಿಳಿ ಉಪ್ಪು ಏಳುತ್ತದಾ ನೋಡಿ. ಎದ್ದರೆ ಸೋಡಿಯಂ ಜಾಸ್ತಿ ಆಗಿದೆ, ಇಲ್ಲವೇ ಕೂಡಿಕೊಳ್ಳದೆ ಉಳಿದಿದೆ ಅಂತ ಅರ್ಥ. ಕ್ಷಾರ ಇಳಿಸಿ ಮತ್ತೆ ಮಾಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಹೂತ ಬ್ಲಾಕುಗಳನ್ನು ತೆಗೆದು ಒಡೆಸಿ. ಆ ಅಂಕಿ 28 ದಿನದ ಅಂಕಿಗಿಂತ ಕೆಳಗೆ ಇಳಿದಿಲ್ಲ ಅಂದರೆ ಮೊದಲ ಆರ್ಡರ್ ತಗೊಳ್ಳಿ. ಆ ಆರ್ಡರ್ ಯಾವುದಾದರೂ ಪಂಚಾಯಿತಿಯ ಕಾಲುದಾರಿಯ ಪೇವರ್ ಆಗಿರಲಿ.